ಯಂತ್ರಕ್ಕೆ ಹೂಡಿ ನೋಡಿದ ಹಲಗೆ

"ಮೊದಲ ಇದನ್ನ ಹಾಕಿ ತೋರಸ್ರಿ, ಆಮ್ಯಾಲ ಮಾತು" ಎನ್ನುತ್ತ ಹಾವಗೆಪ್ಪ ಗೋಣಿಚೀಲ ಬಿಚ್ಚಿ, ಡೊಂಕಾದ ಸಾಗವಾನಿ ಹಲಗೆಯನ್ನು ಅಂಗಡಿಯ ಹಬೀಬನ ಮುಂದೆ ಇಟ್ಟ. ಬೀದರಿನ ಆ ಅಂಗಡಿಯ ತುಂಬ ಮರಗೆಲಸದ ಯಂತ್ರಗಳು ನಿಂತಿದ್ದವು. ಹಾವಗೆಪ್ಪ ನೋಡಲು ಬಂದದ್ದು ಎರಡೂ ಕೆಲಸ ಮಾಡುವ ರಂಧಾ ಮಷಿನನ್ನು. ಮೇಜಿನ ಮೇಲೆ ತಳ್ಳಿದರೆ ಅದು ಹಲಗೆಯ ಡೊಂಕು ಹೆರೆದು ತೆಗೆಯುತ್ತದೆ, ಮೇಜನ್ನು ಎತ್ತಿ ಕೆಳಗಿನಿಂದ ತೂರಿಸಿದರೆ ದಪ್ಪವನ್ನು ಒಂದೇ ಸಮ ಮಾಡುತ್ತದೆ.

ಬಸ್ ಡ್ರೈವರ್ ಕೆಲಸದಿಂದ ನಿವೃತ್ತನಾದ ಮೇಲೆ ಔರಾದಿನ ಮನೆಯ ಹಿಂದಿನ ಕೋಣೆಯಲ್ಲಿ ಮರಗೆಲಸ ಶುರು ಮಾಡಬೇಕೆಂದು ಅವನಿಗೆ ಹುಚ್ಚು ಹಿಡಿದಿತ್ತು. ಮೊದಲ ಕೆಲಸ ಯಾವುದೆಂದೂ ಗೊತ್ತಾಗಿತ್ತು. ಹೆಂಡತಿ ಕಸ್ತೂರಿಬಾಯಿಯ ತವರು ಚಿಂತಾಕಿಯಲ್ಲಿ ತಮ್ಮಂದಿರು ಪಾಲಾದಾಗ ಅವಳು ಬೇಡಿದ್ದು ಅವ್ವನ ಜೋಕಾಲಿಯ ಹಲಗೆಯೊಂದನ್ನೇ. ಮಳೆಯಲ್ಲಿ ಅಂಗಳದಲ್ಲಿ ಬಿದ್ದು ಅದು ಡೊಂಕಾಗಿತ್ತು. ಅದನ್ನು ನೆಟ್ಟಗೆ ಮಾಡಿಸಿ, ಪಡಸಾಲೆಯಲ್ಲಿ ತೂಗುಹಾಕಿ, ಗಂಡ ಹೆಂಡತಿ ಒಟ್ಟಿಗೆ ಕೂಡಬೇಕೆಂಬುದು ಅವಳ ಆಸೆ. ಮದುವೆಯಾದಾಗಿನಿಂದ ಅವನು ಕೂತದ್ದೆಲ್ಲ ಸ್ಟೇರಿಂಗಿನ ಮುಂದೆಯೇ. ಊರ ಬಡಿಗ ಮಾಣಿಕ ಒಂದೇ ದಿನದಲ್ಲಿ ಮಾಡಿಕೊಡುತ್ತೇನೆ ಎಂದಿದ್ದ. ಆದರೆ ನಮ್ಮ ಹಾವಗೆಪ್ಪನಿಗೆ ಸ್ವಂತ ಯಂತ್ರವೇ ಆಗಬೇಕು.

ಯಂತ್ರ ಕೊಳ್ಳುವುದರಲ್ಲಿ ಅವನದು ಎತ್ತು ಕೊಳ್ಳುವ ಪದ್ಧತಿ. ಹಲ್ಲು ಎಣಿಸಿ, ಸುಳಿ ನೋಡಿ, ಕೊನೆಗೆ ತನ್ನದೇ ಹೊಲದಲ್ಲಿ ತನ್ನದೇ ನೇಗಿಲಿಗೆ ಹೂಡಿ ನೋಡದೆ ಎಕಂಬಾದ ಅವರಪ್ಪ ಒಂದು ಎತ್ತನ್ನೂ ಕೊಟ್ಟಿಗೆಗೆ ಕಟ್ಟಿದವನಲ್ಲ. ಮಂದಿಯ ಮೆತ್ತನೆ ಹೊಲದಲ್ಲಿ ಎಲ್ಲ ಎತ್ತೂ ಬಸವಣ್ಣನೇ. ಹಾಗಾಗಿ ಅಂಗಡಿಯವರು ತಮ್ಮ ಕಟ್ಟಿಗೆ ಹಾಕಿ ತೋರಿಸಿದರೆ ಮಗನೂ ನಂಬುತ್ತಿರಲಿಲ್ಲ. ಭಾಲ್ಕಿಯಲ್ಲಿ ದಪ್ಪ ಮಾತ್ರ ತೆಗೆಯುವ ಯಂತ್ರಕ್ಕೆ ಇದೇ ಹಲಗೆ ಕೊಟ್ಟ. ಡೊಂಕಾಗಿ ಒಳಗೆ ಹೋದದ್ದು ಅಷ್ಟೇ ಡೊಂಕಾಗಿ ಹೊರಗೆ ಬಂತು. ಯಾಕೆ ಹೀಗೆ ಎಂದು ಮತ್ತೆ ಮತ್ತೆ ಹಾಕಿಸಿದ. ಒಳಗಿನ ರೋಲರುಗಳು ಡೊಂಕನ್ನು ಒತ್ತಿ ಹಿಡಿಯುತ್ತವೆ, ಬಿಟ್ಟ ಕೂಡಲೇ ಅದು ಮತ್ತೆ ಏಳುತ್ತದೆ ಎಂದು ತಿಳಿದಾಗ ಅವನಿಗೆ ಆದ ಖುಷಿ ಅಷ್ಟಿಷ್ಟಲ್ಲ. ಲಾತೂರಿನಲ್ಲಿ ಮೇಲ್ಮೈ ಮಾತ್ರ ಹೆರೆಯುವ ಯಂತ್ರವಿತ್ತು. ಅದರ ಮೇಜು ಗಿಡ್ಡ, ಹಲಗೆ ಎದ್ದು ಬಿದ್ದು ಒಂದು ತುದಿ ತೆಳ್ಳಗಾಯಿತು. ಅಲ್ಲಿಯೂ ಕಾರಣ ತಿಳಿಯುವ ತನಕ ಅವನು ಬಿಡಲಿಲ್ಲ.

ಈ ಸಲ ಕಸ್ತೂರಿಬಾಯಿಯೂ ಜೊತೆಗೆ ಬಂದಿದ್ದಳು. ಯಂತ್ರ ನೋಡುವುದೆಂದರೆ ಈ ಮನುಷ್ಯ ಏನು ಮಾಡುತ್ತಾನೆಂದು ಅವಳಿಗೂ ನೋಡಬೇಕಾಗಿತ್ತು. ಹಾವಗೆಪ್ಪ ಯಂತ್ರದ ಬಾಯಿಗೆ ಮೊಬೈಲಿನ ಬೆಳಕು ಬಿಟ್ಟು ಬ್ಲೇಡುಗಳನ್ನು ನೋಡಿದ, ಮೇಜನ್ನು ಎತ್ತಿ ಇಳಿಸಿದ, ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವಾಗಲೆಲ್ಲ ಹೀಗೆ ಎತ್ತುವುದು ಬೇಸರವಲ್ಲವೇ ಎಂದು ಕೇಳಿದ. ಬೇಸರವೇ, ಆದರೆ ಇರುವ ಒಂದು ಕೋಣೆಯಲ್ಲಿ ಎರಡು ಯಂತ್ರ ಎಲ್ಲಿ ಇಡುತ್ತೀರಿ ಎಂದ ಹಬೀಬ. ಒಂದಡಿ ಅಗಲದ ಈ ಹಲಗೆ ಎರಡೂ ಕೆಲಸಕ್ಕೆ ಹಿಡಿಯುತ್ತದೆ ಎಂದೂ ಹೇಳಿದ. ಹಾವಗೆಪ್ಪನ ಮುಖ ಅರಳಿತು. ತಾನು ಹುಡುಕುತ್ತಿದ್ದ ಯಂತ್ರ ಇದೇ ಎಂದು ಅವನಿಗೆ ಖಾತ್ರಿಯಾಯಿತು.

ಹಬೀಬ ಬಗ್ಗಿ, ಒಂದು ಕಣ್ಣು ಮುಚ್ಚಿ ಹಲಗೆಯ ಅಂಚನ್ನು ನೋಡಿದ. ಆಮೇಲೆ ಸ್ವಿಚ್ಚಿನ ಮೇಲಿದ್ದ ಕೈ ತೆಗೆದು, ಇದನ್ನು ಇನ್ನೂ ಎಲ್ಲೆಲ್ಲಿ ಹಾಕಿಸಿದ್ದೀರಿ ಎಂದು ವಿಚಾರಿಸಿದ. ಹಾವಗೆಪ್ಪ ಹೆಮ್ಮೆಯಿಂದಲೇ ಹೇಳಿದ. ಕಸ್ತೂರಿಬಾಯಿ ಸ್ಟೂಲಿನಿಂದ ಎದ್ದು ಬಂದು ಹಲಗೆಯನ್ನು ಎತ್ತಿದಳು. ಅದು ಸಲೀಸಾಗಿ ಮೇಲೆ ಬಂದುಬಿಟ್ಟಿತು. ಇದನ್ನು ಹೊತ್ತು ತಂದ ದಿನ ನಮ್ಮ ತಮ್ಮನ ಹೆಗಲು ಕೆಂಪಗಾಗಿತ್ತಲ್ಲ ಎಂದಳು. ಹೊತ್ತಾಗಲೆಲ್ಲ ಹಲಗೆ ಹಗುರ ಅನ್ನಿಸಿದ್ದು ಹಾವಗೆಪ್ಪನಿಗೂ ನೆನಪಿತ್ತು. ಡ್ಯೂಟಿ ಬಿಟ್ಟ ಮೇಲೆ ತನ್ನ ತೋಳಿಗೇ ಶಕ್ತಿ ಬಂದಿದೆ ಎಂದು ಪುಣ್ಯಾತ್ಮ ತಿಳಿದುಕೊಂಡಿದ್ದ.

"ಖರೇ ಹೇಳ್ತೇನಿ ಕಾಕಾ" ಎಂದ ಹಬೀಬ. "ಈಗ ಹ್ಯಾಂಗದ ಹಂಗೇ ಬಿಟ್ರ, ಡೊಂಕಿದ್ರೂ ಇಬ್ಬರು ಕೂಡಬಹುದು. ಇದರಾಗ ಹಾಕಿದ್ರ ಕನ್ನಡಿಹಂಗ ಸಪಾಟ ಬರ್ತದ. ಆದರ ಇನ್ನೂ ತೆಳ್ಳಗಾಗಿ ಒಬ್ಬರಿಗಷ್ಟೇ ತಡೀತದ."

ಹಾವಗೆಪ್ಪನಿಗೆ ನಾಚಿಕೆಯಾಯಿತು. ಮಾಣಿಕನಿಗೆ ಕೊಟ್ಟಿದ್ದರೆ ಇಷ್ಟೊತ್ತಿಗೆ ಇಬ್ಬರೂ ತೂಗಿಕೊಳ್ಳುತ್ತ ಚಹಾ ಕುಡಿಯಬಹುದಿತ್ತು. ಇಷ್ಟಾದರೂ, ಆ ಹಲಗೆ ಒಮ್ಮೆ ನೆಟ್ಟಗಾದರೆ ಹೇಗೆ ಕಾಣುತ್ತದೆಂದು ನೋಡುವ ಆಸೆ ಮಾತ್ರ ಸತ್ತಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವಾಗಲಿಲ್ಲ. "ಹಲಗಿ ನಿಂದು, ನೀನೇ ಹೇಳು" ಎಂದ. ಇಷ್ಟು ಊರು ತಿರುಗಿದ ಮೇಲೆ ಅವಳನ್ನು ಕೇಳಿದ್ದು ಇದೇ ಮೊದಲು.

ಕಸ್ತೂರಿಬಾಯಿ ಹಲಗೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಅವ್ವನ ಕಾಲದಿಂದ ಎಣ್ಣೆ, ಬೆವರು ಕುಡಿದು ಕಪ್ಪಾಗಿದ್ದ ಮರದ ಒಳಗೆ ಇಂಥ ಜೇನಿನ ಬಣ್ಣವಿದೆ ಎಂದು ಅವಳಿಗೂ ಗೊತ್ತಿರಲಿಲ್ಲ. ಅಲ್ಲಲ್ಲಿ ಉಳಿದ ಕಪ್ಪು ಕಲೆಗಳ ಕೆಳಗೆ ಏನಿದೆಯೋ ಅನ್ನಿಸಿತು. ಹಲಗೆಯನ್ನು ತಿರುಗಿ ಹಬೀಬನ ಕೈಗೆ ಕೊಟ್ಟು, ಹಾಕಿಬಿಡು ಎಂದಳು. ಹಾಗಾದರೆ ಇಬ್ಬರೂ ಕೂಡಲು ಆಗುವುದಿಲ್ಲವಲ್ಲ ಎಂದು ಹಾವಗೆಪ್ಪ ತಡವರಿಸಿದ.

"ನಾ ಕೂಡ್ತೇನಿ" ಎಂದಳು ಕಸ್ತೂರಿಬಾಯಿ. "ನೀವು ನಿಂತು ತೂಗ್ರಿ."