ಉಪ್ಪಿನಕಾಯಿ ಭರಣಿ

ಫಕೀರವ್ವನ ಬಾರಿನ ಪರವಾನಗಿ ಉಳಿಯಬೇಕೋ ಬೇಡವೋ ಎಂದು ತೀರ್ಮಾನಿಸಲು ಪಂಚಾಯಿತಿ ಸಭೆ ಸೇರಿತ್ತು. ಕುರ್ಚಿ ಅಧ್ಯಕ್ಷೆಯದು, ಮಾತೆಲ್ಲ ಪಕ್ಕದಲ್ಲಿ ಕುಳಿತ ಅವಳ ಗಂಡನದು. ಬೈಕು ಕೆಟ್ಟಿದೆಯೆಂದು ಬೆವರು ಒರೆಸುತ್ತ ನಡೆದೇ ಬಂದಿದ್ದ ಆತ.

"ವರ್ಷದಾಗ ಹದಿನೇಳು ಪೊಲೀಸ್ ಕಂಪ್ಲೇಂಟು! ನಿನ್ನ ಬಾರ್ ಅಂದ್ರ ಪುಂಡರ ಸಂತಿ!"

"ಹದಿನೇಳೂ ನಾನ ಕೊಟ್ಟಿದ್ದು, ಯಜಮಾನ್ರ," ಎಂದು ಫಕೀರವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಹೊಡೆದಾಟ ಮುಚ್ಚಿಡೂ ಪೈಕಿ ಅಲ್ಲ ನಾ. ಕುಡ್ಯಾಕ ಬಂದವ್ರು ಮೊದಲ ಗಾಡಿ ಚಾವಿ ನನ್ನ ಹಳೇ ಉಪ್ಪಿನಕಾಯಿ ಭರಣಿಗೆ ಹಾಕಬೇಕು. ಮರುದಿನ ಹೆಂಡ್ತಿ ಬಂದು ಕೇಳಿದ್ರಷ್ಟ ವಾಪಸ್ಸು. ಇದೂ ತಪ್ಪೇನ್ರಿ?"

"ಬಾಯಿ ಮುಚ್ಚು! ನಿನ್ನ ಹೊಸ್ತಿಲಾ ಸೈತ ತುಳಿದವ ಅಲ್ಲ ನಾ. ನಮ್ಮಂಥ ಮರ್ಯಾದಸ್ತರ ಊರಾಗ ನಿನ್ನ ಅಂಗಡಿ ಬ್ಯಾಡ." ಆತ ರದ್ದತಿಯ ಕಾಗದವನ್ನು ಹೆಂಡತಿಯ ಮುಂದೆ ತಳ್ಳಿದ. "ಸಹಿ ಹಾಕು."

ಫಕೀರವ್ವ ತಲೆ ತಗ್ಗಿಸಲಿಲ್ಲ. ಅಧ್ಯಕ್ಷೆಯನ್ನೇ ದಿಟ್ಟಿಸಿ ನಿಂತಳು.

ಅಧ್ಯಕ್ಷೆ ಪೆನ್ನು ಮುಟ್ಟಲಿಲ್ಲ. ಕಾಗದವನ್ನು ಎರಡು ಹೋಳು ಮಾಡಿ, ಸೆರಗಿನ ಗಂಟು ಬಿಚ್ಚಿ, ಗಂಡನ ಬೈಕಿನ ಚಾವಿಯನ್ನು ಮೇಜಿನ ಮೇಲಿಟ್ಟಳು. ಸಭೆಯ ತುಂಬ ಉಪ್ಪಿನಕಾಯಿಯ ವಾಸನೆ ಹಬ್ಬಿತು.