ಹಗ್ಗ ಹಿಡಿದವನು

ಜೇನು ಕೀಳಲು ಬಂಡೆ ಇಳಿಯುವವನ ಹಗ್ಗವನ್ನು ಮೇಲೆ ನಿಂತು ಹಿಡಿಯಬೇಕಾದವನು ಅವನ ಹೆಂಡತಿಯ ತಮ್ಮ. ಅಕ್ಕನ ತಾಳಿಯನ್ನು ಅವನಷ್ಟು ಜೋಪಾನವಾಗಿ ಇನ್ಯಾರೂ ಕಾಯುವುದಿಲ್ಲವೆಂಬ ನಂಬಿಕೆ.

ಆ ತಮ್ಮ ಇಂದು ತೀರಿಕೊಂಡಿದ್ದ.

"ಮಣ್ಣಿಗೆ ಬಾ," ಎಂದಳು ಮುದುಕಿ ಗಂಡನಿಗೆ.

"ಬರಲ್ಲ ಕಣೇ. ಹರೆಯದಲ್ಲಿ ಎಂಥೆಂಥಾ ಬಂಡೆ ಇಳಿದೋನು ನಾನು! ಕೋತಿಗಳೂ ನಾಚ್ಕೋಬೇಕು. ನಿನ್ನ ತಮ್ಮ ಹಗ್ಗ ಬಿಟ್ಟ, ನಲವತ್ತು ವರ್ಷದಿಂದ ಮುರಿದ ಕಾಲೆಳೀತಾ ಇದೀನಿ. ಯಾಕೋ ಬಿಟ್ಟೆ ಅಂತ ಕೇಳಿದ್ರೆ ಸಾಯೋವರೆಗೂ ಬಾಯಿ ಬಿಡಲಿಲ್ಲ."

ಮುದುಕಿ ಊರುಗೋಲು ತಂದು ಅವನ ಕೈಗಿತ್ತಳು.

"ಏಳು, ಒಂದು ಹಿಡಿ ಮಣ್ಣು ಹಾಕು. ದಿನಾ ನಿನ್ನ ಒದೆ ತಿಂದು ಸಾಕಾಗಿತ್ತು. ಮೇಲಿಂದಲೇ ಬಿಟ್ಬಿಡು ಅಂತ ಹೇಳಿದ್ದು ನಾನು. ಅವನೇ ಮನಸ್ಸು ಬರದೆ ಮುಕ್ಕಾಲು ಇಳಿಸಿದ ಮೇಲೆ ಹಗ್ಗ ಬಿಟ್ಟ."