ಗ್ರಂಥಾಲಯಕ್ಕೆ ಬಿದ್ದ ಚೀಟಿ

ಊರಂಚಿನ ಮಿಲಿಟರಿ ಕ್ಯಾಂಪು ಮುಚ್ಚಿತು, ಕಟ್ಟಡಗಳೆಲ್ಲ ಊರಿನ ಪಾಲಾದವು. ಮಾಜಿ ಸೈನಿಕರ ಕ್ಯಾಂಟೀನು ಹಾಗೇ ಇರಲೋ, ಅಲ್ಲಿ ಬೇರೇನಾದರೂ ಆಗಲೋ ಎಂಬುದನ್ನು ಊರೇ ತೀರ್ಮಾನಿಸಬೇಕಿತ್ತು. ಪಂಚಾಯಿತಿ ಅಧ್ಯಕ್ಷೆ ದಾಕ್ಷಾಯಿಣಿ ಸಭೆ ಕರೆದಳು.

ನಿವೃತ್ತ ಹೆಡ್‌ಮಾಸ್ಟರು ಒಂದು ಗಂಟೆ ಗುಡುಗಿದರು. "ಯಾರದೋ ಮಿಲಿಟರಿ ಕಾರ್ಡಲ್ಲಿ ಅಗ್ಗದ ರಮ್ಮು ತರಿಸಿ ಕುಡಿದು ಊರೇ ಹಾಳಾಯ್ತು. ಅಲ್ಲಿ ಗ್ರಂಥಾಲಯ ಆಗ್ಲಿ!"

ಜನ ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು. ಆದರೆ ಎರಡು ಚುನಾವಣೆ ಕಂಡಿದ್ದ ದಾಕ್ಷಾಯಿಣಿಗೆ ಚಪ್ಪಾಳೆಯ ಮೇಲೆ ನಂಬಿಕೆ ಇರಲಿಲ್ಲ. ಹೆಸರಿಲ್ಲದ ಚೀಟಿ ಹಾಕಿಸಿದಳು. ಬಿಚ್ಚಿ ಎಣಿಸಿದರೆ ಕ್ಯಾಂಟೀನಿಗೆ ಅರವತ್ತೆರಡು, ಗ್ರಂಥಾಲಯಕ್ಕೆ ಒಂದೇ ಒಂದು.

ತಲೆ ತಗ್ಗಿಸಿ ಕೂತಿದ್ದ ಮೇಷ್ಟ್ರನ್ನು ಕಂಡು ಅವಳು ಸಮಾಧಾನ ಹೇಳಿದಳು.

"ಹೋಗ್ಲಿ ಬಿಡಿ ಮೇಷ್ಟ್ರೇ, ನೀವೊಬ್ರಾದ್ರೂ ಆಡಿದ ಮಾತಿಗೆ ನಿಂತ್ರಲ್ಲ."

"ಏನ್ಮಾಡೋದಮ್ಮ, ಸತ್ಯ ಯಾವತ್ತೂ ಒಂಟಿ," ಎಂದು ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಹಿಂದಿನ ಬೆಂಚಿನಿಂದ ಊರಿನ ಏಕೈಕ ಬ್ರಾಂದಿ ಅಂಗಡಿಯ ನಂಜಪ್ಪ ಧಡಕ್ಕನೆ ಎದ್ದು ನಿಂತ.

"ಅಧ್ಯಕ್ಷರೇ, ಆ ಚೀಟಿ ನಂದು!"